ಪರಸಿ ಖಣಿ

ಶಹಾಬಾದಿನ ಈ ಖಣಿ ಬಿಟ್ಟು ಹನ್ನೊಂದು ವರ್ಷ.
ಮಷೀನು ಒಯ್ದರು, ನೀರು ಉಳೀತು.
ನಾಕಾಳು ಆಳ. ತಳದಾಗ ಟಿಪ್ಪರಿನ ಟೈರು.

ಮುರ್ಡೇಶ್ವರದಾಗ ಸಿಲಿಂಡರ್ ಹೊರೂ ಕೆಲಸ ನಂದು.
ನೇತ್ರಾಣಿ ಬಂಡೆಗಳ ಬುಡಕ್ಕ
ಮಂದೀನ ಕರ್ಕೊಂಡು ಇಳಿದಾಗ
ಸಂದಿನ್ಯಾಗಿಂದ ಹಾವುಮೀನು ಮಾರಿ ಹೊರಗ ಹಾಕ್ತದ,
ಬೆಳ್ಳನ ಮೈ ತುಂಬ ಕರೀ ಚಿಕ್ಕಿ, ಸೂಜಿಯಂಥ ಹಲ್ಲು.
ಬಾಯಿ ತೆರೀತದ. ಮುಚ್ಚತದ. ತೆರೀತದ.
ಹೊಸಬರು ಹೆದರಿ ನನ್ನ ರಟ್ಟಿ ಹಿಡೀತಾರ.
ದೋಣಿ ಹತ್ತಿದ ಮ್ಯಾಲ ಹೇಳ್ತೀನಿ:
ಸಿಟ್ಟಲ್ರಿ ಅದು, ಉಸಿರು.
ನೀರು ಒಳಗ ಎಳಕೊಳ್ಳಲಿಕ್ಕೆ ಅದಕ್ಕ ಬ್ಯಾರೆ ದಾರಿ ಇಲ್ಲ.

ಮೊಹರಮ್ಮಿಗೆ ಊರಿಗಿ ಬಂದವ
ಖಣಿಗಿ ಇಳಿದೆ, ಬರೇ ನೀರಿನ ಕನ್ನಡಕ ಹಾಕ್ಕೊಂಡು.
ಗ್ವಾಡಿ ತುಂಬ ಪದರ ಪದರ ಕಲ್ಲು,
ಅವ್ವ ಒಟ್ಟಿಟ್ಟ ಕಟಕ ರೊಟ್ಟಿ ಹಾಂಗ.
ಇದೂ ಒಮ್ಮೆ ಕಡಲ ತಳ ಇತ್ತಂತ,
ಮೀನು ಹುಟ್ಟೂಕಿಂತ ಮೊದಲಿನ ಕಡಲು.
ರೂಢಿ ನೋಡ್ರಿ, ಸಂದಿ ಸಂದಿ ಇಣುಕಿದೆ.
ಯಾರ ಮಾರೀನೂ ಹೊರಗ ಬರಲಿಲ್ಲ.
ಒಂದರಾಗ ಉಳಿ ಇತ್ತು,
ತುಕ್ಕು ಹಿಡಿದು ಕಲ್ಲಿಗೇ ಹತ್ತಿಕೊಂಡಿತ್ತು.

ನಮ್ಮಪ್ಪ ಮೌಲಪ್ಪ ಇಪ್ಪತ್ತೆರಡು ವರ್ಷ
ಇಲ್ಲೇ ಪರಸಿ ಎಬ್ಬಿಸಿದ, ಧೂಳು ನುಂಗಿದ.
ಕಡೀ ವರ್ಷ ಹೊಸ್ತಿಲದಾಗ ಕುಂತಿರ್ತಿದ್ದ
ಬಾಯಿ ತೆರೆದು, ಮುಚ್ಚಿ, ತೆರೆದು.
ಬೈಲಿಕ್ಕೆ ಹತ್ಯಾನಂತ ತಿಳಿದು
ನಾನು, ತಂಗಿ ಲಾಲಮ್ಮ
ಹಿತ್ತಲಬಾಗಲದಿಂದ ಸಾಲಿಗಿ ಓಡ್ತಿದ್ದೆವು.
ಬೈದದ್ದು ಒಂದಿನಾನೂ ನೆನಪಿಲ್ಲ.

ಉಳಿ ಅಲ್ಲೇ ಬಿಟ್ಟೆ. ದಮ್ಮು ತೀರಿತ್ತು.
ಮ್ಯಾಲ ಬಂದು ದಂಡೀಗಿ ಕುಂತೆ, ಬಾಯಿ ತೆರೆದು.
ಎಮ್ಮಿ ಮೈ ತಿಕ್ಕುತ್ತಿದ್ದ ಹುಡುಗ
ನನ್ನ ಮಾರಿ ನೋಡಿ
ಎರಡು ಹೆಜ್ಜಿ ಹಿಂದ ಸರಿದ.