ಲೆಕ್ಕಕ್ಕಿಲ್ಲದವನು

ಕೋವಿ ನನ್ನದು, ಕೆಲಸ ಕರಡಿ ಕಾಯುವುದು.
ಡೆವನ್ ದ್ವೀಪದ ಈ ಬೋಳು ಕುಳಿಯಲ್ಲಿ
ಜುಲೈ ತಿಂಗಳ ಸೂರ್ಯ ಮುಳುಗುವುದನ್ನೇ ಮರೆತು
ಕಟ್ಟಿಹಾಕಿದ ನಾಯಿಯ ಹಾಗೆ
ಸುತ್ತುತ್ತಲೇ ಇದ್ದಾನೆ.

ಆರು ಮಂದಿ ಬಂದಿದ್ದಾರೆ ಮಂಗಳಕ್ಕೆ.
ಅಂದರೆ ಇಲ್ಲಿಗೆ.
ಕಿತ್ತಳೆ ಬಣ್ಣದ ದಪ್ಪ ಅಂಗಿ, ಗಾಜಿನ ಬುರುಡೆ,
ಬೆನ್ನ ಮೇಲೆ ಗಾಳಿಯ ಡಬ್ಬಿ
(ಒಳಗಿರುವುದು ಬರೀ ಫ್ಯಾನು, ನಾನೇ ನೋಡಿದ್ದೇನೆ).
ಇಲ್ಲಿ ನಿಯಮ ಎರಡು:
ಭೂಮಿಗೆ ಕೇಳಿದ ಮಾತಿಗೆ ಉತ್ತರ ಇಪ್ಪತ್ತು ನಿಮಿಷ ತಡ;
ಕರಡಿ ಕಾಯುವವನು ಇಲ್ಲ.
ಇದ್ದಾನೆ, ಆದರೆ ಇಲ್ಲ.
ಮಂಗಳದ ಮೇಲೆ ಜೈಪೀಟಿ ಎಂಬವನು ಇರಲಾರ.
ಎದುರಿಗೆ ಸಿಕ್ಕರೆ ಪಕ್ಕದ ಕಲ್ಲನ್ನು ನೋಡುತ್ತಾರೆ,
ಪಾಪ, ನಾಚಿಕೊಂಡು.

ರಾತ್ರಿ, ಅಂದರೆ ಗಡಿಯಾರ ಹೇಳುವ ರಾತ್ರಿ,
ಅಂಗಿ ಕಳಚಿ, ಸೂಪಿನ ಬಟ್ಟಲು ಹಿಡಿದು
ವಾದಕ್ಕೆ ಕೂರುತ್ತಾರೆ.
ಆಗ ನಾನು ಮತ್ತೆ ಇರುತ್ತೇನೆ;
ಕೆಟಲು ನನ್ನ ಕೈಯಲ್ಲಿರುತ್ತದಲ್ಲ.

ಆಗುತ್ತದೆ, ಎನ್ನುತ್ತಾನೆ ಟೋರ್‌ಬ್ಯೋರ್ನ್.
ನೆಲದಡಿಯ ಮಂಜಿನಿಂದ ನೀರು, ನೀರಿನಿಂದ ಉಸಿರು,
ಉಳಿದದ್ದರಿಂದ ಇಂಧನ.
ಕಾಗದದ ಕರವಸ್ತ್ರದ ಮೇಲೆ ಬಾಣ ಎಳೆದು ತೋರಿಸುತ್ತಾನೆ.
ಬಾಣಗಳು ಬಹಳ ಚೆನ್ನಾಗಿವೆ.

ಮೂಳೆ? ಎನ್ನುತ್ತಾಳೆ ಮರೀಸ್, ವೈದ್ಯೆ.
ಏಳು ತಿಂಗಳು ತೇಲಿದವರು ಇಳಿದು ನಡೆಯುವುದು ಹೇಗೆ?
ಮತ್ತೆ ಆ ಬಿಸಿಲಲ್ಲದ ಬಿಸಿಲು,
ಚರ್ಮ ದಾಟಿ ಬೀಜಕ್ಕೇ ತಾಕುವಂಥದು,
ಅದಕ್ಕೆ ಯಾವ ಕೊಡೆ?
ಮಣ್ಣಿನ ಗುಡ್ಡೆಯಡಿ ಇದ್ದರಾಯಿತು.
ಅಷ್ಟು ದೂರ ಹೋಗಿ, ಇಲಿಯಂತೆ ಬಿಲ ಹೊಕ್ಕು ಕೂರುವುದಕ್ಕಾ?

ಹಣದ ಮಾತು ಬಂದಾಗ
ಎಲ್ಲರೂ ಸೂಪು ಕುಡಿಯುತ್ತಾರೆ.

ಮೊನ್ನೆ ಮರೀಸ್ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು:
ಜೈಪೀಟಿ, ನೀನಾದರೆ ಹೋಗುತ್ತೀಯಾ?
ಎಲ್ಲರೂ ನಕ್ಕರು. ನಾನೂ ನಕ್ಕೆ.
ಕೆಟಲಿಗೆ ನೀರು ತರುತ್ತೇನೆಂದು ತೊರೆಗೆ ಹೋದೆ.
ಅಲ್ಲೇ ನಿಂತೆ.

ನನ್ನ ಅನಾನಾಟ್ಸಿಯಾಕ್, ಅಪ್ಪನ ತಾಯಿ,
ಹಡಗು ಹತ್ತಿದಾಗ ಆರು ವರ್ಷದವಳು.
ಇವರನ್ನು ಅಲ್ಲಿಗೆ ಕಳಿಸುವುದು ಸಾಧ್ಯವೇ ಎಂದು
ಆಗಲೂ ದೊಡ್ಡವರು, ಬಲು ದೂರದ ಊರಲ್ಲಿ,
ಮೇಜಿನ ಸುತ್ತ ಕೂತು ಕೇಳಿಕೊಂಡರಂತೆ.
ಸಾಧ್ಯ ಎಂದು ತಾವೇ ಹೇಳಿಕೊಂಡರಂತೆ.
ಬೇಟೆ ಹೇರಳ. ಎರಡೇ ವರ್ಷ. ಬೇಡವೆಂದರೆ ವಾಪಸು.

ಪೊದೆಯಲ್ಲಿ ಹಣ್ಣು ಆಯ್ದು ಬೆಳೆದ ಮಕ್ಕಳನ್ನು
ತಂದು ಇಳಿಸಿದರು,
ನೀರು ಕಾಯಿಸಲು ಒಂದು ಕಡ್ಡಿಯೂ ಸಿಗದ ದಂಡೆಗೆ.
ನಕಾಶೆಯ ತುದಿಯಲ್ಲಿ ಬಾವುಟ ನಿಲ್ಲಬೇಕಿತ್ತು;
ಕಂಬಕ್ಕೆ ಮನುಷ್ಯರು ಬೇಕಿದ್ದರು.
ನವೆಂಬರಿನಲ್ಲಿ ಸೂರ್ಯ ಹೋದ.
ಅವಳ ಅಪ್ಪನಿಗೆ ಕತ್ತಲೆ ಗೊತ್ತಿತ್ತು,
ಇಷ್ಟುದ್ದದ ಕತ್ತಲೆ ಗೊತ್ತಿರಲಿಲ್ಲ.

ಬದುಕಿದೆವು, ಅದೇ ತಪ್ಪಾಯಿತು ನೋಡು,
ಎನ್ನುತ್ತಿದ್ದಳು, ಹಲ್ಲಿಲ್ಲದ ಬಾಯಲ್ಲಿ ನಗುತ್ತ.
ಸತ್ತಿದ್ದರೆ ಆಗದು ಎಂದು ಬರೆದುಕೊಳ್ಳುತ್ತಿದ್ದರು.
ಬದುಕಿದ್ದಕ್ಕೆ,
ಸಾಧ್ಯವಾಯಿತು ಎಂದು ಬರೆದುಕೊಂಡರು.

ಇಪ್ಪತ್ತು ನಿಮಿಷ ಆಗಿತ್ತೇನೋ.
ಕೆಟಲು ಹಿಡಿದು ಒಳಗೆ ಬಂದರೆ ವಾದ ಮುಂದೆ ಹೋಗಿತ್ತು,
ಮೂಲಂಗಿ ಬೆಳೆಯುವ ವಿಷಯಕ್ಕೆ.
ನಾನು ಉತ್ತರ ಕೊಟ್ಟೆ:
ವಾಪಸು ಬರುವ ಹಡಗನ್ನು ಮೊದಲು ಕಳಿಸಿ.
ಅಲ್ಲಿ ನಿಂತು ಕಾಯುತ್ತಿರಲಿ ಅದು, ಹೊಟ್ಟೆ ತುಂಬಿಕೊಂಡು.
ಆಮೇಲೆ ನನ್ನನ್ನು ಕೇಳಿ.

ಅದೂ ಯೋಜನೆಯಲ್ಲಿದೆ ಎಂದ ಟೋರ್‌ಬ್ಯೋರ್ನ್, ಖುಷಿಯಿಂದ,
ಬಾಣದ ಕರವಸ್ತ್ರ ಹುಡುಕಿದ.
ಯಾರೋ ಅದರಲ್ಲಿ ಸೂಪು ಒರೆಸಿದ್ದರು.
ಮರೀಸ್ ಏನೂ ಹೇಳಲಿಲ್ಲ. ಚಹಾ ಬೇಡ ಎಂದಳು.

ಬೆಳಿಗ್ಗೆ ಗುಡಾರದ ಸುತ್ತ ಹೆಜ್ಜೆ,
ನನ್ನ ಎರಡು ಅಂಗೈ ಇಟ್ಟರೂ ತುಂಬದಷ್ಟು.
ಮೂರು ಗಂಟೆಗೆ ಬಂದಿತ್ತು, ಬಾಗಿಲು ಮೂಸಿತ್ತು.
ಕಲ್ಲೆಸೆದು ಓಡಿಸಿದ್ದೆ.
ಆರು ಮಂದಿ ಬುರುಡೆ ತೊಟ್ಟು ಹೊರಬಿದ್ದು
ಅದನ್ನು ದಾಟಿ ಹೋದರು, ಜೋಪಾನವಾಗಿ,
ಒಂದು ಹೆಜ್ಜೆಯನ್ನೂ ತುಳಿಯದೆ.

ರೇಡಿಯೋದಲ್ಲಿ ಮರೀಸಳ ದನಿ ಭೂಮಿಗೆ ವರದಿ ಒಪ್ಪಿಸಿತು:
ಹನ್ನೊಂದನೆಯ ದಿನ. ಗಾಳಿ ಸಾಧಾರಣ.
ಜೀವದ ಕುರುಹು
(ಇಲ್ಲಿ ಸ್ವಲ್ಪ ನಿಂತಳು)
ಕಂಡುಬಂದಿಲ್ಲ.

ಕೋವಿಯ ಮೇಲಿನ ಇಬ್ಬನಿ ಒರೆಸಿಕೊಂಡೆ.