ಬಿ-ತ್ರೀ

ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡಲು ಆಗ ಐದು ದಿರ್ಹಮ್.
ಶಾರ್ಜಾದ ರೋಲಾದಲ್ಲಿ ನನ್ನದು ಒಂದೂವರೆ ಆಳಿನ ಅಂಗಡಿ,
ಪೂರಾ ಆಳು ನಾನು, ಅರ್ಧ ಫ್ಯಾನು.
ಪಶ್ತೋ, ಮಲಯಾಳ, ತೆಲುಗಿನ ಹೊಸತು,
ಎಲ್ಲ ಕೇಳುತ್ತಿದ್ದರು. ಕನ್ನಡ ಕೇಳುವವರು ಕಮ್ಮಿ.

ಹುಲಿಗೆಪ್ಪ ಕೇಳಲು ಬಂದದ್ದಲ್ಲ, ಕೊಡಲು ಬಂದದ್ದು.
ಗಂಗಾವತಿ ಕಡೆಯವನು. ಅಲ್ ನಹ್ದಾದ ಕಟ್ಟಡವೊಂದರಲ್ಲಿ
ರಾತ್ರಿ ವಾಚ್‌ಮನ್. ನೆಲದಡಿಯ ಮೂರನೇ ಅಂತಸ್ತು,
ಕಾರುಗಳು ಮಲಗುವ ಜಾಗ.
"ಒಂಬತ್ತ ಅದಾವ್ರಿ. ಯಾರರ ಕೇಳಿದ್ರ ಹಾಕಿ ಕೊಡ್ರಿ,
ರೊಕ್ಕ ಬ್ಯಾಡ."
ಯಾರೂ ಕೇಳಲಿಲ್ಲ.
ಕೇಳದೆಯೇ ಹಾಕಿ ಕೊಟ್ಟೆ, ಪ್ರೇಮಗೀತೆಗಳ ನಡುವೆ,
ಅಕ್ಕಿಯಲ್ಲಿ ಕಲ್ಲು ಬೆರೆಸಿದ ಹಾಗೆ.

ಮೊದಲ ಸಲ ಕೇಳಿದಾಗ ಫೈಲು ಕೆಟ್ಟಿದೆ ಅಂದುಕೊಂಡೆ.
ತಾಳವಿಲ್ಲ, ತಂತಿಯಿಲ್ಲ. ಟಪ್. ಟಪ್.
ಎಸಿ ಪೈಪಿನ ನೀರು, ಪೇಂಟಿನ ಖಾಲಿ ಬಕೆಟ್ಟಿಗೆ.
ಜುಲೈಯ ಹಾಡುಗಳು ಓಡುತ್ತವೆ,
ಇಪ್ಪತ್ತೆರಡು ಅಂತಸ್ತಿನ ತಂಪು ಕೆಳಗೆ ಸೋರುವ ಕಾಲ ಅದು.
ಜನವರಿಯ ಹಾಡು ತೆವಳುತ್ತದೆ.
ಒಂದು ಹನಿ ಬಿದ್ದ ಮೇಲೆ ಇನ್ನೊಂದಕ್ಕೆ
ಅವನು ಉಸಿರು ಹಿಡಿದು ಕಾಯುವುದು ಕೇಳಿಸುತ್ತದೆ.

"ಮ್ಯಾಲ ಇಪ್ಪತ್ತೆರಡ, ಕೆಳಗ ಮೂರ,
ಎಣಸೂದಿದ್ರ ಕೆಳಗಿಂದ ಸುರು ಮಾಡ.
ನಿನ್ನ ಗಾಡಿಗೆ ನಂಬರ ಐತಿ, ನನ್ನ ಎದಿಗೂ ಐತಿ,
ನಿನ್ನ ನಂಬರ ಮಾರಿದ್ರ ಮನಿ ಬರತೈತಿ."

ಕೂಗು ಇಲ್ಲ, ಬೈಗುಳ ಇಲ್ಲ. ಗೋಡೆಗೆ ಬಾಯಿಟ್ಟು
ಗೋಡೆಗಷ್ಟೇ ಹೇಳುವ ದನಿ. ಕೆಮ್ಮು ಬಂದರೆ ಕೆಮ್ಮೂ ಇದೆ.
ಒಂದೂ ಹಾಡು ಮುಗಿಯುವುದಿಲ್ಲ.
"ಬರೂ ತಿಂಗಳ ಪಗಾರ ಆದ್ರ ನಾ ಮೊದಲ..."
ಅಲ್ಲಿಗೆ ಟೈರು ಕಿರ್ರೆನ್ನುತ್ತದೆ,
ಆಮೇಲೆ ಬೇರೆಯದೇ ಒಂದು ದನಿ: ಸಲಾಂ ಸಾಬ್.
ಮೊದಲ ಏನು? ಹದಿಮೂರು ವರ್ಷವಾಯಿತು, ಇನ್ನೂ ಗೊತ್ತಿಲ್ಲ.

ಕಾರ್ಡಿನಿಂದ ಕಾರ್ಡಿಗೆ ಅದು ಹೋಯಿತು.
ಸಜ್ಜಾದ ಕ್ಯಾಂಪಿಗೆ, ಮುಸಫ್ಫಾದ ವೆಲ್ಡರ್‌ಗಳಿಗೆ,
ಯಾರದ್ದೋ ಜೇಬಿನಲ್ಲಿ ದೋಹಾಕ್ಕೆ.
ಕನ್ನಡ ಬಾರದ ಒಬ್ಬ ಬಂಗಾಳಿ ಕ್ಷೌರಿಕ
ಕತ್ತರಿಯನ್ನು ಆ ಹನಿಯ ಲೆಕ್ಕಕ್ಕೆ ಆಡಿಸುತ್ತಿದ್ದ,
ಕಂಡು ನನ್ನ ಕುತ್ತಿಗೆ ಜುಮ್ಮೆಂದಿತು.

ಮೊನ್ನೆ ಅಜ್ಮಾನಿನ ಹಾಲೊಂದರಲ್ಲಿ ಹುಡುಗರ ರ‍್ಯಾಪು.
ಝಿಯಾನ್ ಅಂತ ಒಬ್ಬ, ಇಲ್ಲೇ ಹುಟ್ಟಿದವನು,
ಅಪ್ಪನಿಗೆ ಎರಡು ಗಾಡಿ.
ದೀಪ ಆರಿಸಿದರು. ಅವನು ಕಂಬದಂತೆ ನಿಂತ.
ಕೈ ಎತ್ತಲಿಲ್ಲ, ತಲೆ ಕುಣಿಸಲಿಲ್ಲ.
ಕೊನೆಯ ಪದವನ್ನು ಅರ್ಧಕ್ಕೆ ನುಂಗಿದ. ಹಾಲು ಎದ್ದು ನಿಂತಿತು.
"ಬಿ-ತ್ರೀ ಸ್ಟೈಲ್ ಅಂಕಲ್," ಅಂದ ಹೊರಗೆ ಸಿಕ್ಕಾಗ.
"ಅಲುಗಾಡಬಾರದು. ಅದು ಒಂಥರಾ ತತ್ವ."

ತತ್ವ.
ಹುಲಿಗೆಪ್ಪ ನನ್ನ ಸ್ಟೂಲಿನಲ್ಲಿ ಕೂತು, ಚಹಾ ಆರಿಸುತ್ತಾ ಹೇಳಿದ್ದ:
"ಸೆನ್ಸರ್ ಲೈಟ ಐತ್ರಿ. ಕೈ ಎತ್ತಿದ್ರ ಹತ್ತತೈತಿ,
ಹತ್ತಿದ್ರ ಕ್ಯಾಮೆರಾದಾಗ ಬೀಳತೇನಿ,
ಬಿದ್ರ ಒಂದ ದಿನದ ಪಗಾರ ಕಟ್."

ಹೇಳಲೇ ಅಂದುಕೊಂಡೆ ಹುಡುಗನಿಗೆ. ಹೇಳಿಯೂಬಿಟ್ಟೆ.
ಅವನು ಬಹಳ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡ,
ಬೇರೆ ಯಾರದ್ದೋ ಸಾಮಾನು
ತನ್ನ ಬ್ಯಾಗಿನಲ್ಲಿ ಸಿಕ್ಕವನಂತೆ.

ಹುಲಿಗೆಪ್ಪ ಕಾರಟಗಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನಂತೆ.
ಇಲ್ಲ, ಸಲಾಲಾದಲ್ಲಿದ್ದಾನೆ ಅನ್ನುವವರೂ ಇದ್ದಾರೆ.
ನಂಬರ್ ಹೋಗುವುದಿಲ್ಲ.
ಬಾಕಿ ಪುಸ್ತಕದಲ್ಲಿ ಅವನ ಒಂದು ಸಾಲು ಇದೆ:
ಫೋನಿನ ಗ್ಲಾಸು, ಇಪ್ಪತ್ತು ದಿರ್ಹಮ್.
ಹೊಡೆದು ಹಾಕಿಲ್ಲ.