ಹತ್ತರಲ್ಲಿ ಮೂರು

ಕೋಡಿಬಾಗದ ರಸ್ತೆಯಲ್ಲಿ ನಮ್ಮ ಲ್ಯಾಬು,
ಕೆಳಗೆ ದೋಣಿ ಇಂಜಿನ್ ರಿಪೇರಿ ಅಂಗಡಿ.
ಬೆಳಿಗ್ಗೆ ನಾನು ಶಟರ್ ಎತ್ತುವ ಹೊತ್ತಿಗೆ
ಮೆಟ್ಟಿಲ ಮೇಲೆ ಕೂತಿದ್ದಳು ಚಂದ್ರಭಾಗಿ ಹರಿಕಂತ್ರ,
ಒಣಮೀನಿನ ಬುಟ್ಟಿ ಒಂದು ಮೆಟ್ಟಿಲು ಕೆಳಗೆ,
ಬೆಕ್ಕು ಬಾರದಂತೆ ಅದಕ್ಕೆ ಕೊಡೆ ಅಡ್ಡ.

"ಈಗ ಆರಾಮ ಇದ್ದೆ ನಾನು.
ಆರಾಮ ಇದ್ದವಳ ರಕ್ತ ಯಂತಕ್ಕೆ?"

ಪ್ರಶ್ನೆ ಸರಿಯೇ.
ಉಬ್ಬಸ ಬಂದ ರಾತ್ರಿ ಯಾರೂ ಪ್ರಶ್ನೆ ಕೇಳುವುದಿಲ್ಲ,
ಕೇಳುವಷ್ಟು ಗಾಳಿ ಇರುವುದಿಲ್ಲ.
ಹೋದ ವರ್ಷ ಎರಡು ಸಲ
ರಿಕ್ಷಾದಿಂದ ತಲೆ ಹೊರಗೆ ಹಾಕಿ
ದಡಕ್ಕೆ ಬಿದ್ದ ಬಂಗುಡೆಯ ಹಾಗೆ ಬಾಯಿ ತೆರೆದು
ಸರಕಾರಿ ಆಸ್ಪತ್ರೆಗೆ ಹೋದವಳು.
ಡಾಕ್ಟರ ಚೀಟಿಯಲ್ಲಿ ಅದೂ ಇದೆ, ಕೆಂಪು ಶಾಯಿಯಲ್ಲಿ: 2.

ಬೈತಖೋಲದಲ್ಲಿ ಬಂದರಿನವರು
ಮೂರನೇ ನಂಬರಿನ ಸೂಚನೆ ಏರಿಸುವುದು
ಬಿರುಗಾಳಿ ಬಂದ ಮೇಲೋ, ಮುಂಚೆಯೋ, ಅಂದೆ.
ಸೆರಗು ಸರಿಸಿ ತೋಳು ಕೊಟ್ಟಳು.

ಗಾಜಿನ ಮೇಲೆ ಒಂದು ಹನಿ.
ಎಳೆದು, ಒಣಗಿಸಿ, ಬಣ್ಣ ಹಾಕಿ
ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿದರೆ
ಅಗೋ, ಇಯೋಸಿನೊಫಿಲ್ಲುಗಳು.
ಒಳಗೆ ಕನ್ನಡಕದ ಹಾಗೆ ಎರಡು ಉಂಡೆ,
ಮೈತುಂಬ ಕೆಂಪು ಕಾಳು, ಬೆಂದ ಸಿಗಡಿಯ ಬಣ್ಣ.
ಹುಳುವಿನ ಮೇಲೆ ಬೀಳಲು ಹುಟ್ಟಿದವು,
ಹುಳು ಸಿಗದಿದ್ದರೆ ಇದ್ದ ಮನೆಯನ್ನೇ ಕೊರೆಯುವವು.
ನೂರಿದ್ದರೆ, ಇನ್ನೂರಿದ್ದರೆ ಸರಿ.
ಇವಳಲ್ಲಿ ಆರುನೂರ ನಲವತ್ತು,
ಆರಾಮ ಇದ್ದ ದಿನವೇ.

ಆಮೇಲೆ ಉಸಿರು.
ಹೊಸ ಯಂತ್ರ, ಬಿಳಿ ಕೊಳವೆ,
ಪರದೆಯ ಮೇಲೊಂದು ಬಲೂನು,
ಹತ್ತು ಸೆಕೆಂಡು ಅದು ಏರಲೂ ಬಾರದು, ಇಳಿಯಲೂ ಬಾರದು.
"ಒಲೆ ಊದಿದ ಹಾಗಲ್ಲ ಅಕ್ಕ,
ಬಿಸಿ ಗಂಜಿ ಆರಿಸಿದ ಹಾಗೆ."
ಮೊದಲ ಸಲ ಬಲೂನು ಹಾರಿಯೇ ಹೋಯಿತು.
ಎರಡನೇ ಸಲ ನಕ್ಕುಬಿಟ್ಟಳು.
ಮೂರನೇ ಸಲ ಕಣ್ಣು ಮುಚ್ಚಿ ಊದುತ್ತಿರುವಾಗ
ಕೆಳಗೆ ರಿಪೇರಿಯವನು ಹಗ್ಗ ಎಳೆದ,
ಇಂಜಿನ್ನು ಎರಡು ಸಲ ಕೆಮ್ಮಿ ನಿಂತಿತು.
ಐವತ್ತೆಂಟು.
ಎದೆಯ ಕೊಳವೆಗಳ ಒಳಗೋಡೆ ಸದ್ದಿಲ್ಲದೆ ಉರಿಯುವಾಗ
ಹೊರಬರುವ ಅನಿಲ,
ನೂರು ಕೋಟಿಯಲ್ಲಿ ಐವತ್ತೆಂಟು ಪಾಲು.
"ಅಷ್ಟರಲ್ಲಿ ಇಷ್ಟನ್ನು ಹಿಡಿಯೂಕೆ
ಯಾವ ಬಲೆ ತಂಗಿ ಇದು?"

ಮಧ್ಯಾಹ್ನ ಡಾಕ್ಟರ್ ವೆರ್ಣೇಕರ್
ಮೂರೂ ಅಂಕಿಗಳನ್ನು ಒಂದು ತಖ್ತೆಯ ಮೇಲೆ ಕೂಡಿಸಿ
ಕಿತ್ತಳೆ ಬಣ್ಣದ ಚೌಕಕ್ಕೆ ಬೆರಳಿಟ್ಟರು.
ಔಷಧ ಹೀಗೇ ತಪ್ಪಿಸುತ್ತಿದ್ದರೆ
ಬರುವ ವರ್ಷದೊಳಗೆ, ನಿಮ್ಮಂಥ ಹತ್ತು ಜನರಲ್ಲಿ
ಮೂವರಿಗೆ ಜೋರಾಗಿ ಬರಬಹುದು.

"ಯಾವ ಮೂವರಿಗೆ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
ಇಷ್ಟು ವರ್ಷ ಅಂಕಿ ಬರೆದು ಕೊಟ್ಟಿದ್ದೇನೆ,
ಯಾರೂ ಅದರ ಕೊರಳಪಟ್ಟಿ ಹಿಡಿದು ಕೇಳಿರಲಿಲ್ಲ.
ಉಳಿದ ಒಂಬತ್ತು ಜನ ಎಲ್ಲಿದ್ದಾರೆ?
ಇಲ್ಲಿ ಒಬ್ಬಳೇ ಕೂತಿದ್ದಾಳೆ.
ಹತ್ತರಲ್ಲಿ ಮೂರು ಎಂದರೆ ಇವಳ ಎದೆಯಲ್ಲಿ
ಮೂರು ಪಾಲು ಉಬ್ಬಸವೇ, ಏಳು ಪಾಲು ಗಾಳಿಯೇ?

ಅವಳೇ ಹೇಳಿದಳು:
"ಸೂಚನೆ ಏರಿಸಿದ್ರೂ ಹತ್ತು ದೋಣಿ ಹೋದ್ವು ಒಂದ್ಸಲ.
ಹತ್ತೂ ಬಂದ್ವು. ಸೂಚನೆಗೆ ಬೈದು ನಕ್ಕರು ಎಲ್ಲ.
ಇನ್ನೊಂದ್ಸಲ..."
ಅಲ್ಲಿಗೆ ನಿಲ್ಲಿಸಿ
ಇನ್‌ಹೇಲರಿನ ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

ಜೂನ್ ಬಂತು, ದೋಣಿಗಳು ದಡ ಹತ್ತಿದವು.
ಲ್ಯಾಬಿನ ಗೋಡೆಗೆ ಬೂಷ್ಟು ಹಿಡಿದು ನಾನೂ ಸೀನಿದೆ.
ನಾರಳಿ ಹುಣ್ಣಿಮೆಯಲ್ಲಿ ಸಮುದ್ರ
ಎಂದಿನಂತೆ ತೆಂಗಿನಕಾಯಿ ತೆಗೆದುಕೊಂಡು
ಅರ್ಧವನ್ನು ಹುಡುಗರಿಗೆ ವಾಪಸು ಕೊಟ್ಟಿತು.
ಅದಾಗಿ ವಾರಕ್ಕೆ ಮತ್ತೆ ಮೆಟ್ಟಿಲ ಮೇಲೆ ಚಂದ್ರಭಾಗಿ.
ಒಂದೇ ಸಲಕ್ಕೆ ಊದಿದಳು, ಬಲೂನು ಅಲುಗಲಿಲ್ಲ.
ಇಪ್ಪತ್ತೆರಡು.

"ಈ ಮಳೆಗಾಲ ರಿಕ್ಷಾ ಕರೀಲಿಲ್ಲ."
ದನಿಯಲ್ಲಿ ಸಂತೋಷ ಕಾಣಲಿಲ್ಲ,
ಚಿಲ್ಲರೆ ಹೆಚ್ಚು ಬಂದಾಗ ಎಣಿಸುವವರ ದನಿ.
"ಬರೂದಿತ್ತಲ್ಲ, ಆ ರಾತ್ರಿ, ಅದು ಎಲ್ಲಿ ಹೋಯ್ತು?
ಆ ಹತ್ತರಲ್ಲಿ ಇನ್ಯಾರ ಮನೆಗಾದ್ರೂ ಹೋಯ್ತಾ?"

ಹಾಗಲ್ಲ ಅಕ್ಕ, ಅದು ಹಾಗೆ ಹೋಗುವುದಲ್ಲ, ಅಂದೆ.
ಹೇಗೆ ಎಂದು ಹೇಳಲು ಬರಲಿಲ್ಲ.
ರಿಜಿಸ್ಟರಿನಲ್ಲಿ ಹೆಸರಿಗೆ, ವಯಸ್ಸಿಗೆ, ಅಂಕಿಗೆ ಜಾಗ ಇದೆ,
ಬಾರದೆ ಹೋದದ್ದಕ್ಕೆ ಗೆರೆ ಎಳೆದಿಲ್ಲ.

ಬುಟ್ಟಿ ಎತ್ತಲು ಕೈ ಕೊಡು ಅಂದಳು.
ಕೊಟ್ಟೆ.
ಆ ವಾಸನೆ ಸೋಪಿಗೂ ಹೋಗಲಿಲ್ಲ, ಸಂಜೆಯವರೆಗೆ
ಪ್ರತಿ ಉಸಿರಿನಲ್ಲೂ ಇತ್ತು.